ಕ್ಯಾಸಲ್‌ರಾಕ್: ರೈಲಿನಿಂದಲೇ ಹುಟ್ಟಿದ ಊರಿನ ಮೊದಲ ದಿನಗಳು (ಪದೇ ಪದೇ ಕೇಳುವ ಪ್ರಶ್ನೆಗಳು)

ದೂಧಸಾಗರ ನೋಡಲು ಹೋಗುವವರ ಪಾಲಿಗೆ ಕ್ಯಾಸಲ್‌ರಾಕ್ ಎಂದರೆ ಗಾಡಿ ಹತ್ತಿಪ್ಪತ್ತು ನಿಮಿಷ ಸುಮ್ಮನೆ ನಿಲ್ಲುವ ಜಾಗ. ಗಾಡಿ ಅಲ್ಲಿ ಯಾಕೆ ನಿಲ್ಲುತ್ತದೆ ಎಂಬುದಕ್ಕೆ ಉತ್ತರ ಹುಡುಕಿದರೆ ಊರಿನ ಅರ್ಧ ಚರಿತ್ರೆ ಸಿಕ್ಕಿಬಿಡುತ್ತದೆ. ಈ ಊರಿನ ಬಗ್ಗೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಸರಳವಾದವುಗಳಿಂದ ಶುರುಮಾಡಿ ಜೋಡಿಸಿದೆ.

## ಮೊದಲ ಪರಿಚಯ

ಕ್ಯಾಸಲ್‌ರಾಕ್ ಇರೋದು ಗೋವಾದಲ್ಲೋ, ಕರ್ನಾಟಕದಲ್ಲೋ?

ಕರ್ನಾಟಕದಲ್ಲಿ, ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನಲ್ಲಿ. ಪೂರ್ವಕ್ಕೆ ಸುಮಾರು 25 ಕಿ.ಮೀ. ದೂರದಲ್ಲಿ ಲೋಂಡಾ ಜಂಕ್ಷನ್ ಇದೆ, ಪಶ್ಚಿಮಕ್ಕೆ ಸುಮಾರು 26 ಕಿ.ಮೀ. ಇಳಿದರೆ ಗೋವಾದ ಕುಳೆ ಸಿಗುತ್ತದೆ. ಗಡಿ ನಿಲ್ದಾಣದ ಅಂಗಳದಲ್ಲಿಲ್ಲ. ಅದಿರುವುದು ಘಟ್ಟ ಇಳಿಯಲು ಶುರುವಾದ ಮೇಲೆ, ಕಾರಂಜೋಲ್ ಕಡೆಗೆ. ನಿಲ್ದಾಣ ಕಟ್ಟುವ ಕಾಲಕ್ಕೆ ಈ ಜಿಲ್ಲೆ ಬೊಂಬಾಯಿ ಪ್ರಾಂತದಲ್ಲಿತ್ತು. 1862ರಲ್ಲಿ ಮದ್ರಾಸಿನಿಂದ ಬೊಂಬಾಯಿಗೆ ಹೋದದ್ದು 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ದಾಖಲೆ ಹುಡುಕುವಾಗ ಇದು ನೆನಪಿರಬೇಕು.

ಅಷ್ಟು ದಟ್ಟ ಕಾಡಲ್ಲಿ ಊರು ಯಾಕೆ ಬಂತು? ಮೊದಲೇ ದೊಡ್ಡ ಹಳ್ಳಿ ಇತ್ತಾ?

ದೊಡ್ಡ ಹಳ್ಳಿ ಇರಲಿಲ್ಲ. ಆಗಿನ ಸೂಪಾ ಸೀಮೆ ಜಿಲ್ಲೆಯಲ್ಲೇ ಅತಿ ವಿರಳ ಜನವಸತಿಯ ಜಾಗ. ಕಾಡಿನ ನಡುವೆ ಕುಣಬಿ, ಗೌಳಿಗಳ ಚದುರಿದ ಮನೆಗಳು, ಅಲ್ಲೊಂದು ಇಲ್ಲೊಂದು ಗದ್ದೆ, ಮಳೆ ನಿಂತ ಕೂಡಲೇ ಚಳಿಜ್ವರ. ಹೊಳೆದಂಡೆ, ಸಂತೆ, ದೇವಸ್ಥಾನದ ಜಾತ್ರೆ, ಹೀಗೆ ಊರು ಹುಟ್ಟಲು ಸಾಮಾನ್ಯವಾಗಿ ಇರುವ ಕಾರಣಗಳಲ್ಲಿ ಒಂದೂ ಇಲ್ಲಿರಲಿಲ್ಲ.

ಇಲ್ಲಿದ್ದದ್ದು ಬೇರೆ ಎರಡು. ಘಟ್ಟದ ಏರು ಮುಗಿಯುವ ಜಾಗ ಇದು, ಎಂಜಿನ್ ಬಿಚ್ಚಿ ಜೋಡಿಸಲು, ನೀರು ತುಂಬಲು, ಬ್ರೇಕ್ ನೋಡಲು ಗಾಡಿ ನಿಲ್ಲಲೇಬೇಕು. ಜೊತೆಗೆ ಎರಡು ಸರ್ಕಾರಗಳ ನಡುವಿನ ಗಡಿಯೂ ಪಕ್ಕದಲ್ಲೇ ಇದೆ, ಕಾಗದಪತ್ರಕ್ಕೂ ನಿಲ್ಲಬೇಕು. ಬೇರೆ ಕಡೆ ಘಟ್ಟದ ತಲೆ ಒಂದು ಊರಿಗೆ, ಗಡಿ ಇನ್ನೊಂದು ಊರಿಗೆ ಸಿಗುತ್ತದೆ. ಇಲ್ಲಿ ಎರಡೂ ಒಂದೇ ಪ್ಲಾಟ್‌ಫಾರ್ಮಿಗೆ ಬಂದವು. ಕ್ಯಾಸಲ್‌ರಾಕಿನ ಏಳುಬೀಳುಗಳನ್ನೆಲ್ಲ ಇವೆರಡರ ಲೆಕ್ಕದಲ್ಲೇ ಓದಬಹುದು.

ರೈಲು ಬಂದ ವರ್ಷ ಯಾವುದು? ಒಂದೊಂದು ಕಡೆ ಒಂದೊಂದು ಇಸವಿ ಕೊಡ್ತಾರೆ.

ಇಸವಿಗಳು ತಪ್ಪಲ್ಲ, ಬೇರೆ ಬೇರೆ ಘಟನೆಗಳವು. 1878ರ ಡಿಸೆಂಬರ್ 26ರಂದು ಬ್ರಿಟನ್ ಮತ್ತು ಪೋರ್ಚುಗಲ್ ಲಿಸ್ಬನ್ನಿನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. 1881ರಲ್ಲಿ ರೈಲು ಕಂಪನಿ ಹುಟ್ಟಿತು. 1887ರ ಜನವರಿ 17ರಂದು ಗೋವಾದ ಮುರಗಾಂವ್ ಬಂದರಿನಿಂದ ಸಾವೊರ್ಡೆಯವರೆಗಿನ ಕರಾವಳಿ ಭಾಗ ತೆರೆಯಿತು. ಘಟ್ಟದ ಭಾಗ ಮುಗಿದು ಹಳಿ ಬ್ರಿಟಿಷ್ ಭಾರತದ ಹಳಿಗೆ ಕೂಡಿದ್ದು 1888ರ ಫೆಬ್ರವರಿ 3ರಂದು. ಊರಿನ ಹುಟ್ಟಿಗೆ ಒಂದು ದಿನ ಬೇಕೇ ಬೇಕೆಂದರೆ ಈ ಕೊನೆಯದನ್ನೇ ಹಿಡಿಯಿರಿ.

## ಒಪ್ಪಂದ, ಹಣ, ಗಡಿ

ಪೋರ್ಚುಗೀಸರು ಕಟ್ಟಿದ ರೈಲು ಅಂತಾರಲ್ಲ, ನಿಜಾನಾ?

ಅರ್ಧ ನಿಜ. ಗೋವಾ ಭಾಗದ ನೆಲ ಪೋರ್ಚುಗಲ್ಲಿನದು, ಬಂಡವಾಳಕ್ಕೆ ಬಡ್ಡಿಯ ಖಾತರಿ ಕೊಟ್ಟದ್ದೂ ಪೋರ್ಚುಗೀಸ್ ಸರ್ಕಾರವೇ. ಬಂಡವಾಳ ಮಾತ್ರ ಲಂಡನ್ನಿನಲ್ಲಿ ಎತ್ತಿದ್ದು. ಮುಂದಾಳುಗಳಲ್ಲಿ ಸದರ್‌ಲೆಂಡಿನ ಡ್ಯೂಕ್ ಇದ್ದ. ಕಂಪನಿಯ ಹೆಸರು ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ಗ್ಯಾರಂಟೀಡ್ ರೈಲ್ವೆ. ಬಂದರು ಕಟ್ಟುವ ಕೆಲಸವೂ ಅದರದೇ. ಬಂದರಿನಿಂದ ಘಟ್ಟದ ತಲೆಯವರೆಗೆ 51 ಮೈಲಿ, ಅಂದರೆ ಸುಮಾರು 82 ಕಿ.ಮೀ.

ಕ್ಯಾಸಲ್‌ರಾಕಿನಿಂದ ಪೂರ್ವದ ಹಳಿ ಸದರ್ನ್ ಮರಾಠಾ ರೈಲ್ವೆಯದು. 1876–78ರ ಮಹಾ ಬರಗಾಲದ ನಂತರ ಬೊಂಬಾಯಿ ಕರ್ನಾಟಕದ ಊರುಗಳಿಗೆ ಧಾನ್ಯ ಸಾಗಿಸಲು ದಾರಿ ಬೇಕೆಂದು 1882ರಲ್ಲಿ ಹುಟ್ಟಿದ ಕಂಪನಿ ಅದು. ಒಂದು ಹಳಿ ಬರಗಾಲದ ಭಯದಿಂದ ಬಂದದ್ದು, ಇನ್ನೊಂದು ವ್ಯಾಪಾರದ ಆಸೆಯಿಂದ. ಎರಡೂ ಕೂಡಿದ ಜಾಗದಲ್ಲಿ ಈ ಊರು ನಿಂತಿತು. ಆಸೆ ಅಷ್ಟಾಗಿ ಕೈಗೂಡಲಿಲ್ಲ. ಆದಾಯ ಸಾಲದೆ ಖಾತರಿ ಬಡ್ಡಿಯ ಹೊರೆ ಗೋವಾ ಸರ್ಕಾರದ ತಲೆಯ ಮೇಲೆ ವರ್ಷಗಟ್ಟಲೆ ಕೂತಿತ್ತು.

ನಮ್ಮದೇ ಕಾರವಾರ ಬಂದರು ಇದ್ದಾಗ ಗೋವಾಕ್ಕೆ ಯಾಕೆ ಹಳಿ ಹಾಕಿದರು?

ಕಾರವಾರದವರು ಇಂದಿಗೂ ನೋವಿನಿಂದಲೇ ಕೇಳುವ ಪ್ರಶ್ನೆ. 1860ರ ದಶಕದಲ್ಲಿ, ಅಮೆರಿಕದ ಅಂತರ್ಯುದ್ಧದಿಂದ ಹತ್ತಿಗೆ ಚಿನ್ನದ ಬೆಲೆ ಬಂದಾಗ, ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರದಿಂದ ಸಾಗಿಸುವ ದೊಡ್ಡ ಯೋಜನೆಗಳಿದ್ದವು. ಜಿಲ್ಲೆಯನ್ನು ಬೊಂಬಾಯಿಗೆ ಸೇರಿಸಿದ್ದರ ಹಿಂದೆಯೂ ಅದೇ ಲೆಕ್ಕಾಚಾರ. ಯುದ್ಧ ಮುಗಿದು ಹತ್ತಿ ಬೆಲೆ ಕುಸಿದ ಮೇಲೆ ಘಟ್ಟ ಕೊರೆದು ಹಳಿ ಹಾಕಲು ಬ್ರಿಟಿಷ್ ಖಜಾನೆ ಮನಸ್ಸು ಮಾಡಲಿಲ್ಲ. ಮುರಗಾಂವ್ ವಿಷಯದಲ್ಲಿ ಬಡ್ಡಿಯ ಖಾತರಿ ಬೇರೆ ಸರ್ಕಾರ ಹೊರುತ್ತಿತ್ತು. ಬ್ರಿಟಿಷರಿಗೆ ಘಟ್ಟದ ಮೇಲಿನ ತುಂಡು ಹಳಿಯ ಖರ್ಚು ಮಾತ್ರ. 1888ರ ನಂತರ ಮಾಲು ಆ ಕಡೆಗೇ ತಿರುಗಿ ಕಾರವಾರದ ವ್ಯಾಪಾರ ಇಳಿದುಹೋಯಿತು.

ಸುಂಕದ ಕಟ್ಟೆ ಮೊದಲ ದಿನದಿಂದಲೇ ಇತ್ತಾ?

ಇಲ್ಲ. ಬಹಳ ಜನ ತಪ್ಪು ತಿಳಿಯುವುದು ಇಲ್ಲೇ.

1878ರ ಒಪ್ಪಂದ ಜಾರಿಗೆ ಬಂದದ್ದು 1880ರ ಜನವರಿಯಲ್ಲಿ, ಅವಧಿ 12 ವರ್ಷ. ಅದರಂತೆ ಗೋವಾ ಮತ್ತು ಬ್ರಿಟಿಷ್ ಭಾರತದ ನಡುವೆ ಸುಂಕದ ಗೋಡೆಯೇ ಇರಲಿಲ್ಲ. ಗೋವಾದ ಉಪ್ಪಿನ ತಯಾರಿಕೆಯೂ ಬ್ರಿಟಿಷರ ಹಿಡಿತಕ್ಕೆ ಹೋಯಿತು. ಪ್ರತಿಯಾಗಿ ಪೋರ್ಚುಗೀಸ್ ಸರ್ಕಾರಕ್ಕೆ ವರ್ಷಕ್ಕೆ 4 ಲಕ್ಷ ರೂಪಾಯಿ ಸಂದಾಯವಾಗುತ್ತಿತ್ತು. ಹೀಗಾಗಿ 1888ರಲ್ಲಿ ಮೊದಲ ಗಾಡಿಗಳು ಘಟ್ಟ ಹತ್ತಿದಾಗ ಕ್ಯಾಸಲ್‌ರಾಕಿನಲ್ಲಿ ಯಾರ ಗಂಟನ್ನೂ ಬಿಚ್ಚಿಸುವ ಕಾರಣವಿರಲಿಲ್ಲ.

1892ರ ಜನವರಿಯಲ್ಲಿ ಅವಧಿ ಮುಗಿಯಿತು, ಒಪ್ಪಂದ ಮುಂದುವರಿಯಲಿಲ್ಲ, ಸುಂಕದ ಗಡಿ ಮರಳಿ ಬಂತು. ಬ್ರಿಟಿಷರ ತಪಾಸಣೆ ಕ್ಯಾಸಲ್‌ರಾಕಿನಲ್ಲಿ, ಪೋರ್ಚುಗೀಸರದು ಕೆಳಗೆ ಕುಳೆಯಲ್ಲಿ. ಬ್ರಿಟಿಷರ ಮುಖ್ಯ ಕಣ್ಣು ಎರಡು ವಸ್ತುಗಳ ಮೇಲೆ: ಉಪ್ಪು ಮತ್ತು ಹೆಂಡ. ಬ್ರಿಟಿಷ್ ಭಾರತದಲ್ಲಿ 1888ರಿಂದ ಉಪ್ಪಿನ ತೆರಿಗೆ ಮಣಕ್ಕೆ, ಅಂದರೆ ಸುಮಾರು 37 ಕಿಲೋಗೆ, ಎರಡೂವರೆ ರೂಪಾಯಿ ಇತ್ತು. ಉಪ್ಪಿನ ಬೆಲೆಗಿಂತ ತೆರಿಗೆಯೇ ಹಲವು ಪಟ್ಟು. ಹೀಗಿರುವಾಗ ತಲೆಹೊರೆಯಲ್ಲಿ ಕಾಡುದಾರಿ ಹಿಡಿದು ಹತ್ತಿದ ಒಂದು ಮೂಟೆಯೂ ಲಾಭವೇ. ಸುಂಕದ ಕಾವಲು ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಮಾತ್ರ ಇದ್ದರೆ ಸಾಲುತ್ತಿರಲಿಲ್ಲ, ಕಾಲುದಾರಿಗಳಿಗೂ ಬೇಕಿತ್ತು.

ಊರಿನ ದೃಷ್ಟಿಯಿಂದ ಒಪ್ಪಂದ ಮುರಿದದ್ದು ಲಾಭವೇ ಆಯಿತು ಎನ್ನಬೇಕು. ತಪಾಸಣೆ ಎಂದರೆ ಗುಮಾಸ್ತರು, ಸಿಪಾಯಿಗಳು, ಹಮಾಲರು, ಕಾಯುವ ಪ್ರಯಾಣಿಕರು, ಕಾಯುವವರಿಗೆ ಚಹಾ ಮತ್ತು ಊಟ.

ಟಿಕೆಟ್ಟಿಗೆ ಯಾವ ದುಡ್ಡು ನಡೀತಿತ್ತು? ಗಡಿಯಾರ ಯಾವ ಟೈಮ್ ತೋರಿಸ್ತಿತ್ತು?

ದುಡ್ಡಿನ ತೊಡಕು ಕಡಿಮೆ ಇತ್ತು. ಅದೇ ಒಪ್ಪಂದದ ಬಲದಿಂದ ಗೋವಾದ ರುಪಿಯಾ ಭಾರತದ ರೂಪಾಯಿಗೆ ಸಮಾನವಾಯಿತು, 1881–82ರ ಆ ಬೆಳ್ಳಿ ನಾಣ್ಯಗಳನ್ನು ಟಂಕಿಸಿದ್ದೂ ಕಲ್ಕತ್ತದಲ್ಲಿ. ಭಾರತದ ಕಡೆಯ ರೈಲ್ವೆ ವೇಳಾಪಟ್ಟಿ ಮದ್ರಾಸ್ ಸಮಯದ್ದು, ಈಗಿನ ಭಾರತೀಯ ಸಮಯಕ್ಕಿಂತ ಸುಮಾರು 9 ನಿಮಿಷ ಹಿಂದೆ. 1906ರಿಂದ ಈಗಿನ ಸಮಯ ಬಂತು. ಹಳೆಯ ವೇಳಾಪಟ್ಟಿಯನ್ನು ಕೋರ್ಟಿನ ಅಥವಾ ಪೊಲೀಸ್ ಕಾಗದದೊಂದಿಗೆ ಹೋಲಿಸಿ ನೋಡುವವರು ಈ ವ್ಯತ್ಯಾಸ ಮರೆಯಬಾರದು. ಆ ಕಾಗದಗಳಲ್ಲಿ ಸ್ಥಳೀಯ ಸಮಯ ಇರಬಹುದು.

## ಘಟ್ಟ ಮತ್ತು ಗಾಡಿ

ಬ್ರಾಡ್‌ಗೇಜ್ ಬಿಟ್ಟು ಮೀಟರ್‌ಗೇಜ್ ಯಾಕೆ?

ಮೇಲಿನ ಸದರ್ನ್ ಮರಾಠಾ ಹಳಿ ಮೀಟರ್‌ಗೇಜ್ (ಎರಡು ಕಂಬಿಗಳ ನಡುವೆ ಒಂದು ಮೀಟರ್, ಬ್ರಾಡ್‌ಗೇಜಿಗಿಂತ ಕಿರಿದು) ಆಗಿದ್ದರಿಂದ. ಬರಗಾಲದ ಹಳಿಗಳನ್ನು ಕಡಿಮೆ ಖರ್ಚಿನಲ್ಲಿ ಬೇಗ ಹಾಕಬೇಕಿತ್ತು. ಘಟ್ಟದಲ್ಲಿ ಇನ್ನೊಂದು ಅನುಕೂಲ: ಮೀಟರ್‌ಗೇಜ್ ಬಿಗಿಯಾದ ತಿರುವಿಗೆ ಒಗ್ಗುತ್ತದೆ, ಬೆಟ್ಟದ ಮೈಗೆ ಅಂಟಿಕೊಂಡು ಹೋಗುವುದರಿಂದ ಸುರಂಗಗಳ ಸಂಖ್ಯೆ ತಗ್ಗುತ್ತದೆ. ಹಾಗಿದ್ದೂ ಈ ಘಟ್ಟದಲ್ಲಿ ಹತ್ತಕ್ಕೂ ಹೆಚ್ಚು ಸುರಂಗಗಳಿವೆ. 1889ರಲ್ಲಿ ಮೈಸೂರು ಸಂಸ್ಥಾನದ ಹಳಿ ಹರಿಹರದಲ್ಲಿ ಬಂದು ಕೂಡಿದ ಮೇಲೆ ಬೆಂಗಳೂರಿನಲ್ಲಿ ತುಂಬಿದ ವ್ಯಾಗನ್ ಎಲ್ಲೂ ಮಾಲು ಇಳಿಸದೆ ಮುರಗಾಂವ್ ಧಕ್ಕೆ ತಲುಪಬಹುದಿತ್ತು. ಬೊಂಬಾಯಿಗಾದರೆ ಪುಣೆಯಲ್ಲಿ ಮಾಲನ್ನೆಲ್ಲ ಬ್ರಾಡ್‌ಗೇಜಿಗೆ ಬದಲಿಸಬೇಕು.

ಈ ಘಟ್ಟದ 1:40 ಏರು ಅಂದ್ರೆ ಅಷ್ಟೇನು ದೊಡ್ಡದು? ಎರಡೆರಡು ಎಂಜಿನ್ ಯಾಕೆ ಬೇಕು?

40 ಮೀಟರ್ ಹೋದರೆ 1 ಮೀಟರ್ ಏರು. ರಸ್ತೆಯಲ್ಲಾದರೆ ಗೊತ್ತೂ ಆಗುವುದಿಲ್ಲ. ಹಳಿಯ ಲೆಕ್ಕ ಬೇರೆ. ಆ ಕಾಲದ ವ್ಯಾಗನ್ ಸಮತಟ್ಟಾದ ಹಳಿಯಲ್ಲಿ ಎಳೆಯಲು ಟನ್ನಿಗೆ ಸುಮಾರು 4–5 ಕಿಲೋ ಬಲ ಸಾಕು. 1:40 ಏರಿನಲ್ಲಿ ಅದರ ಮೇಲೆ ಟನ್ನಿಗೆ ಇನ್ನೂ 25 ಕಿಲೋ ಬೇಕು, ಅಂದರೆ ಒಟ್ಟು ಆರು ಪಟ್ಟು. 200 ಟನ್ನಿನ ಗಾಡಿಗೆ ಏರಿನ ಬಾಬ್ತೇ 5 ಟನ್. ತಿರುವಿನ ಉಜ್ಜುವಿಕೆ ಮತ್ತೆ ಬೇರೆ. ಕುಳೆಯಿಂದ ಕ್ಯಾಸಲ್‌ರಾಕಿಗೆ ಸುಮಾರು 500 ಮೀಟರ್ ಎತ್ತರ, ಉಸಿರು ತೆಗೆದುಕೊಳ್ಳಲು ಸಮತಟ್ಟು ಸಿಗುವುದು ನಡುವಿನ ನಿಲ್ದಾಣಗಳಲ್ಲಿ ಮಾತ್ರ. ಈಗಿನ ಬ್ರಾಡ್‌ಗೇಜ್ ಹಳಿಯ ಏರು ಇನ್ನೂ ಕಡಿದು, 1:37.

ಎಂಜಿನ್ನಿಗೆ ಶಕ್ತಿಯಿದ್ದರೂ ಚಕ್ರ ಹಿಡಿಯಬೇಕಲ್ಲ. ಒಣ ಹಳಿಯಲ್ಲಿ ಚಕ್ರಗಳ ಮೇಲಿನ ಭಾರದ ನಾಲ್ಕನೇ ಒಂದು ಪಾಲು ಎಳೆತ ಸಿಗುತ್ತದೆ, ಜಿನುಗು ಮಳೆಗೆ ಎಲೆ ಅರೆದು ಜಾರುವ ಹಳಿಯಲ್ಲಿ ಅದರ ಅರ್ಧಕ್ಕೆ ಇಳಿಯಬಹುದು. ಆಗ ಹಳಿಯ ಮೇಲೆ ಮರಳು ಬಿಡುತ್ತಾರೆ. ಮರಳು ಸಣ್ಣಗೆ, ಬೂದಿಯಂತೆ ಒಣಗಿರಬೇಕು. ತುಸು ತೇವವಿದ್ದರೂ ಕೊಳವೆಯಲ್ಲಿ ಕಟ್ಟಿಕೊಳ್ಳುತ್ತದೆ. ನಾಲ್ಕು ತಿಂಗಳು ಬಟ್ಟೆಯೇ ಒಣಗದ ಊರಿನಲ್ಲಿ ಮರಳು ಒಣಗಬೇಕೆಂದರೆ ಅದಕ್ಕೂ ಬೆಂಕಿಯೇ ಗತಿ.

ಏರು ಮುಗಿಯುವ ಹೊತ್ತು ಇನ್ನೊಂದು ಅಪಾಯದ್ದು. ಹೊಗೆಕೊಳವೆ ಮುಂದಾಗಿ ಹತ್ತುವಾಗ ಬಾಯ್ಲರಿನ ನೀರು ಹಿಂದಕ್ಕೆ, ಬೆಂಕಿಗೂಡಿನ ಕಡೆಗೆ ಸರಿದು ಗಾಜಿನಲ್ಲಿ ಮಟ್ಟ ಎತ್ತರವಾಗಿ ಕಾಣುತ್ತದೆ. ಎಂಜಿನ್ ಕ್ಯಾಸಲ್‌ರಾಕಿನ ಸಮತಟ್ಟಿಗೆ ಬಂದು ನೆಟ್ಟಗಾದೊಡನೆ ನೀರು ಮುಂದಕ್ಕೆ ಹೋಗುತ್ತದೆ. ಡ್ರೈವರ್ ಗಾಜನ್ನು ನಂಬಿ ನೀರು ಕಡಿಮೆ ಇಟ್ಟಿದ್ದರೆ ಬೆಂಕಿಗೂಡಿನ ನೆತ್ತಿಯ ತಗಡು ಬರಿದಾಗಿ ಕಾಯುತ್ತದೆ. ನೆತ್ತಿಯ ಸೀಸದ ಬಿರಡೆ ಕರಗಿದರೆ ಆವಿ ನುಗ್ಗಿ ಬೆಂಕಿ ಆರುತ್ತದೆ, ಕೆಲಸ ಅಲ್ಲಿಗೇ ನಿಲ್ಲುತ್ತದೆ. ಬಿರಡೆಯೂ ಕೈಕೊಟ್ಟರೆ ಬಾಯ್ಲರ್ ಸಿಡಿಯಬಹುದು.

ಇಳಿಯೋದು ಸುಲಭ ಅಲ್ವಾ, ತಾನಾಗೇ ಹೋಗುತ್ತಲ್ಲ?

ಅದೇ ತಾನೇ ತೊಂದರೆ. ಹತ್ತುವ ಗಾಡಿ ಕೈಕೊಟ್ಟರೆ ನಿಲ್ಲುತ್ತದೆ, ಇಳಿಯುವ ಗಾಡಿ ಕೈಕೊಟ್ಟರೆ ನಿಲ್ಲುವುದಿಲ್ಲ. ರಫ್ತಿನ ಮಾಲೆಲ್ಲ ಬಂದರಿಗೆ ಇಳಿಯಬೇಕಿದ್ದರಿಂದ ತುಂಬಿದ ಗಾಡಿಗಳು ಇಳಿಯುವ ದಿಕ್ಕಿನವೇ. ಇಡೀ ಗಾಡಿಗೆ ಒಂದೇ ಕಡೆಯಿಂದ ಹಾಕುವ ನಿರ್ವಾತ ಬ್ರೇಕ್ ಎಲ್ಲ ವ್ಯಾಗನ್‌ಗಳಿಗೂ ಬರುವ ಮುಂಚೆ ಕೈಬ್ರೇಕಿನವರನ್ನೇ ನೆಚ್ಚಬೇಕಿತ್ತು. ಎಂಜಿನ್ ಶಿಳ್ಳೆಯ ಸಂಕೇತ ಕೇಳಿ ಬಿಗಿಸಬೇಕು, ಸಡಿಲಿಸಬೇಕು. ಬಹಳ ಹೊತ್ತು ಬಿಗಿಹಿಡಿದರೆ ಬ್ರೇಕ್ ಕಟ್ಟೆಗಳು ಕಾದು ಹಿಡಿತ ಕಳೆದುಕೊಳ್ಳುತ್ತವೆ, ಚಕ್ರ ಪೂರ್ತಿ ನಿಂತು ಹಳಿಯ ಮೇಲೆ ಜಾರಿದರೆ ಚಪ್ಪಟೆಯಾಗುತ್ತದೆ.

ಕೊನೆಯ ಆಸರೆ ಕ್ಯಾಚ್ ಸೈಡಿಂಗ್: ಮುಖ್ಯ ಹಳಿಯಿಂದ ಕವಲೊಡೆದು ಗುಡ್ಡದ ಕಡೆಗೆ ಏರುವ ತುಂಡು ಹಳಿ. ಅದರ ಪಾಯಿಂಟ್, ಅಂದರೆ ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಭಾಗ, ಸದಾ ಏರುವ ಕವಲಿನ ಕಡೆಗೇ ತಿರುಗಿರುತ್ತದೆ. ಗಾಡಿ ಬಂದು ಪೂರ್ತಿ ನಿಂತ ಮೇಲಷ್ಟೇ ಮುಖ್ಯ ಹಳಿಗೆ ತಿರುಗಿಸುವುದು. ಹಿಡಿತ ತಪ್ಪಿ ಬಂದದ್ದು ತಾನಾಗಿ ಏರಿನೊಳಗೆ ನುಗ್ಗಿ ನಿಲ್ಲುತ್ತದೆ. ಇಂದಿಗೂ ಈ ಘಟ್ಟದಲ್ಲಿ ಗಾಡಿಗಳು ಅಲ್ಲಲ್ಲಿ ನಿಂತು ಹೋಗುವುದು ಜಲಪಾತ ತೋರಿಸಲಿಕ್ಕಲ್ಲ.

ಮಳೆಗಾಲದಲ್ಲಿ ಹಳಿ ಕಾಯ್ತಿದ್ದದ್ದು ಹೇಗೆ?

ವರ್ಷಕ್ಕೆ 5,000 ಮಿ.ಮೀ. ದಾಟುವ ಮಳೆ, ಅದೂ ಹೆಚ್ಚುಕಡಿಮೆ ನಾಲ್ಕೇ ತಿಂಗಳಲ್ಲಿ. ಗುಡ್ಡ ಕಡಿದು ಹಳಿ ಹಾಕಿದ ಕಡೆಯೆಲ್ಲ ಮೇಲ್ಗಡೆ ಒಂದು ಅಡ್ಡಗಾಲುವೆ ತೋಡಿರುತ್ತಾರೆ, ಗುಡ್ಡದ ನೀರು ಕಡಿತದ ಗೋಡೆಗೆ ಬೀಳದೆ ಪಕ್ಕಕ್ಕೆ ಹರಿಯಲಿ ಎಂದು. ಮೇ ತಿಂಗಳಲ್ಲಿ ಅದರ ಎಲೆ, ಮಣ್ಣು ತೆಗೆಯದಿದ್ದರೆ ಜೂನಿನಲ್ಲಿ ನೀರು ಮಣ್ಣಿನೊಳಗೆ ಇಳಿದು, ಕೆಳಗಿನ ಗಟ್ಟಿ ಬಂಡೆಯ ಮೇಲೆ ಮೇಲ್ಮಣ್ಣೇ ಇಡಿಯಾಗಿ ಜಾರುತ್ತದೆ. ಕುಸಿತಗಳಿಗೆ ಮಳೆಯಷ್ಟೇ ಈ ಮುಚ್ಚಿದ ಕಾಲುವೆಗಳೂ ಕಾರಣ.

ಉಳಿದದ್ದು ಗ್ಯಾಂಗ್‌ಮನ್‌ಗಳ ಕಾಲ್ನಡಿಗೆ: ಕಂಬಳಿಕೊಪ್ಪೆ, ಕೆಂಪು–ಹಸಿರು ಗಾಜಿನ ಲಾಟೀನು, ಹಳಿಗೆ ಕಟ್ಟುವ ಪಟಾಕಿ. ಕುಸಿತ ಕಂಡರೆ ಗಾಡಿ ಬರುವ ದಿಕ್ಕಿಗೆ ಓಡಬೇಕು. ಮುಂದೆ ನಿಯಮಪುಸ್ತಕಕ್ಕೆ ಬಂದ ಮೀಟರ್‌ಗೇಜ್ ಅಳತೆ ಹೀಗಿದೆ: 400 ಮೀಟರಿಗೆ ಒಂದು ಪಟಾಕಿ, 800 ಮೀಟರಿಗೆ ಹತ್ತತ್ತು ಮೀಟರ್ ಅಂತರದಲ್ಲಿ ಮೂರು. ಚಕ್ರ ಹತ್ತಿ ಸಿಡಿದ ಸದ್ದಿಗೆ ಡ್ರೈವರ್ ಬ್ರೇಕ್ ಹಾಕುತ್ತಾನೆ. ದೂಧಸಾಗರದ ಹತ್ತಿರ ನೀರಿನ ಬೊಬ್ಬೆಗೆ ಶಿಳ್ಳೆಯೇ ಕೇಳಿಸದು, ಮಂಜಿಗೆ ಲಾಟೀನು ಕಾಣದು. ಹಾಗಾಗಿ ಚಕ್ರದ ಕೆಳಗೇ ಸಿಡಿಯುವ ಪಟಾಕಿಗೆ ಅಲ್ಲಿ ಬೆಲೆ ಹೆಚ್ಚು.

ಒಂದೇ ಹಳಿ ಇದ್ದಾಗ ಎದುರು ಬದುರು ಬರದಂತೆ ಏನು ಮಾಡ್ತಿದ್ದರು?

ತಂತಿಯಲ್ಲಿ ಮುಂದಿನ ನಿಲ್ದಾಣವನ್ನು ಕೇಳಿ, ಒಪ್ಪಿಗೆ ಬಂದ ಮೇಲೆ ಸ್ಟೇಷನ್ ಮಾಸ್ತರು ಬರೆದುಕೊಡುವ ‘ಲೈನ್ ಕ್ಲಿಯರ್’ ಚೀಟಿ ಕೈಗೆ ಬಾರದೆ ಡ್ರೈವರ್ ಹೊರಡುವಂತಿರಲಿಲ್ಲ. ಗಾಳಿಮಳೆಗೆ ಮರ ಬಿದ್ದು ತಂತಿ ಹರಿದರೆ ಗಾಡಿಗಳು ತಾಸುಗಟ್ಟಲೆ ನಿಲ್ಲುತ್ತಿದ್ದವು.

## ಊರು ಮತ್ತು ಜನ

ಮೊದಮೊದಲು ಇಲ್ಲಿ ಯಾರು ವಾಸ ಮಾಡ್ತಿದ್ದರು?

ಹೆಚ್ಚಿನವರು ಸಂಬಳಕ್ಕೆ ಬಂದವರು. ಸ್ಟೇಷನ್ ಮಾಸ್ತರು, ತಂತಿ ಗುಮಾಸ್ತರು, ಡ್ರೈವರು, ಫೈರ್‌ಮನ್, ಪಾಯಿಂಟ್ಸ್‌ಮನ್, ಖಲಾಸಿ, ಗ್ಯಾಂಗ್‌ಮನ್, ಆಮೇಲೆ ಸುಂಕದವರು. ಊರಿನ ಸುತ್ತ ಜನವೇ ಕಡಿಮೆ ಇದ್ದುದರಿಂದ ಹಳಿ ಹಾಕಲೂ ಹೊರಗಿನ ಕೂಲಿಯಾಳುಗಳೇ ಬೇಕಾಯಿತು. ಕೆಲಸ ಸಾಗುತ್ತಿದ್ದದ್ದು ಮಳೆ ನಿಂತ ಮೇಲಿನ ತಿಂಗಳುಗಳಲ್ಲಿ, ಮಲೇರಿಯಾ ಹಬ್ಬುವ ಕಾಲವೂ ಅದರೊಳಗೇ ಬರುತ್ತಿತ್ತು. ಒಂದೇ ಚಹಾದಂಗಡಿಯ ಮುಂದೆ ಕೊಂಕಣಿ, ಮರಾಠಿ, ಕನ್ನಡ ಮೂರೂ ಕೇಳುವ ಈ ಊರಿನ ಗುಣ ಅಂದಿನಿಂದ ಬಂದದ್ದು. ಕ್ವಾರ್ಟರ್ಸುಗಳಲ್ಲಿ ಹುದ್ದೆಯ ಶ್ರೇಣಿ ಕಣ್ಣಿಗೆ ಕಾಣುತ್ತದೆ: ಮೇಲಿನವರಿಗೆ ಎತ್ತರದಲ್ಲಿ ಜಗಲಿಯ ಬಂಗಲೆ, ಕೆಳಗಿನವರಿಗೆ ಹಳಿಯ ಪಕ್ಕ ಸಾಲುಮನೆ.

ಗಡಿ, ಜಂಕ್ಷನ್ ತರಹದ ಗದ್ದಲ ಎಲ್ಲ ಇದ್ದೂ ಊರು ಯಾಕೆ ಬೆಳೀಲಿಲ್ಲ?

ಇಲ್ಲಿ ನಿಂತವರೆಲ್ಲ ಬೇರೆಲ್ಲೋ ಹೋಗುವವರು. ಸುತ್ತ ಮೀಸಲು ಕಾಡು, ಬಿತ್ತುವ ಬಯಲಿಲ್ಲ, ಕವಲು ಹಳಿಗಳೆಲ್ಲ ಲೋಂಡಾಕ್ಕೆ ಸಿಕ್ಕವು, ಕಾರ್ಖಾನೆ ಹುಬ್ಬಳ್ಳಿಗೆ ಹೋಯಿತು. 1955ರಲ್ಲಿ ಗೋವಾದ ಮೇಲೆ ಭಾರತ ಆರ್ಥಿಕ ದಿಗ್ಬಂಧನ ಹಾಕಿ ಗಾಡಿಗಳು ನಿಂತಾಗ ಊರು ಹಳಿಯ ಕೊನೆಯಾಯಿತು. 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯಾದ ಮೇಲೆ ಗಾಡಿ ಮರಳಿತು, ಗಡಿ ಮರಳಲಿಲ್ಲ. ಸುಂಕದ ಕಟ್ಟೆಯ ಕೆಲಸ ಮುಗಿಯಿತು. ಉಳಿದದ್ದು ಘಟ್ಟ ಒಂದೇ.

## ಚರಿತ್ರೆ ಹುಡುಕುವವರಿಗೆ

ನಮ್ಮ ಮುತ್ತಜ್ಜ ಅಲ್ಲಿ ರೈಲ್ವೆಯಲ್ಲಿದ್ದರು. ದಾಖಲೆ ಎಲ್ಲಿ ಹುಡುಕೋದು?

ಮೈಸೂರು ಸಂಸ್ಥಾನದ ಕಡತಗಳಲ್ಲಿ ಹುಡುಕಿ ಕಾಲ ಕಳೆಯಬೇಡಿ, ಆಗ ಈ ಜಾಗ ಅವರದ್ದಲ್ಲ. ಮೊದಲು ಮುತ್ತಜ್ಜ ಯಾರ ಸಂಬಳ ತೆಗೆದುಕೊಂಡಿದ್ದರು ಎಂದು ಖಚಿತ ಮಾಡಿಕೊಳ್ಳಿ. ಸದರ್ನ್ ಮರಾಠಾ, 1908ರಿಂದ ಮದ್ರಾಸ್ ಅಂಡ್ ಸದರ್ನ್ ಮರಾಠಾ, ಪೋರ್ಚುಗೀಸ್ ಹಳಿಯ ಕಂಪನಿ, ಅಥವಾ ಸುಂಕ ಇಲಾಖೆ, ನಾಲ್ಕಕ್ಕೂ ದಾರಿ ಬೇರೆ ಬೇರೆ. ಬ್ರಿಟಿಷ್ ಭಾರತದ ಕಂಪನಿಗಳ ಯುರೋಪಿಯನ್, ಆಂಗ್ಲೋ–ಇಂಡಿಯನ್ ನೌಕರರ ಹೆಸರುಗಳು ಲಂಡನ್ನಿನ ಇಂಡಿಯಾ ಆಫೀಸ್ ಕಡತಗಳಲ್ಲಿ ಸಿಗುವ ಸಂಭವ ಹೆಚ್ಚು. ಜಿಲ್ಲಾಡಳಿತ ಮತ್ತು ಸುಂಕದ ಪತ್ರಗಳಿಗೆ ಮುಂಬಯಿಯ ಪತ್ರಾಗಾರ, ಗೋವಾ ಭಾಗಕ್ಕೆ ಪಣಜಿಯ ಪತ್ರಾಗಾರ. ಅಲ್ಲಿಯದು ಹೆಚ್ಚಾಗಿ ಪೋರ್ಚುಗೀಸಿನಲ್ಲಿ. ಜಮೀನಿನ ಹಳೆಯ ಕಾಗದದಲ್ಲಿ ಜೋಯಿಡಾ ಬದಲು ಸೂಪಾ ಎಂದಿರುತ್ತದೆ. ಸೂಪಾ ಊರು ಕಾಳಿ ನದಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಬಂತು.

ಹಳೇ ಫೋಟೋ ಯಾವ ಕಾಲದ್ದು ಅಂತ ಹೇಗೆ ಹೇಳೋದು?

ಎಂಜಿನ್ ಅಥವಾ ಬೋಗಿಯ ಮೇಲಿನ ಅಕ್ಷರ ನೋಡಿ. ಸದರ್ನ್ ಮರಾಠಾ ಎಂದಷ್ಟೇ ಇದ್ದರೆ ಆ ಬಣ್ಣ 1908ಕ್ಕಿಂತ ಹಿಂದಿನದು. ಎರಡೂ ಕಂಪನಿಗಳ ಹೆಸರು ಸೇರಿದ್ದರೆ 1908ರ ನಂತರದ್ದು. ಸದರ್ನ್ ರೈಲ್ವೆ ಎಂದಿದ್ದರೆ 1951ರ ಈಚಿನದು, ಸೌತ್ ಸೆಂಟ್ರಲ್ ಎಂದಿದ್ದರೆ 1966ರ ಈಚಿನದು. ಬ್ರಾಡ್‌ಗೇಜ್ ಕಂಡರೆ 1990ರ ದಶಕ ಅಥವಾ ಅದರ ಈಚೆ. ಇದರಲ್ಲೊಂದು ಮೋಸವಿದೆ. ವ್ಯಾಗನ್‌ಗಳು ಇಡೀ ಮೀಟರ್‌ಗೇಜ್ ಜಾಲದಲ್ಲಿ ಅಲೆಯುತ್ತವೆ, ಹಳೆಯ ಬಣ್ಣ ವರ್ಷಗಟ್ಟಲೆ ಉಳಿದಿರುತ್ತದೆ. ಅಕ್ಷರದಿಂದ ‘ಇದಕ್ಕಿಂತ ಮುಂಚಿನ ಫೋಟೋ ಅಲ್ಲ’ ಎನ್ನಬಹುದು, ‘ಇದಕ್ಕಿಂತ ಈಚಿನದಲ್ಲ’ ಎನ್ನುವಂತಿಲ್ಲ.

ಬೇಲಿಗೆ ನೆಟ್ಟ ಹಳೆ ಹಳಿಗಳ ಮೇಲೆ ಅಕ್ಷರ, ಇಸವಿ ಕಾಣುತ್ತೆ. ಅದು ಊರಿನ ಮೊದಲ ಹಳಿಯೇ?

ಇರಬಹುದು, ಇಸವಿಯೊಂದನ್ನೇ ನಂಬಬೇಡಿ. ಹಳಿಯ ನಡುಪಟ್ಟಿಯ ಮೇಲೆ ತಯಾರಕರ ಹೆಸರು, ತೂಕ, ಇಸವಿ ಉಬ್ಬಕ್ಷರದಲ್ಲಿ ಮೂಡಿರುತ್ತವೆ. ಒಂದು ಸಾಲಿನಲ್ಲಿ ಅದು ಮತ್ತೆ ಮತ್ತೆ ಬರುವುದರಿಂದ ಒಂದು ಕಡೆ ತುಕ್ಕು ತಿಂದಿದ್ದರೆ ಅದೇ ಹಳಿಯಲ್ಲಿ ಇನ್ನೂ ಮುಂದೆ ಹುಡುಕಿ. ಬ್ರಷ್ಷಿನಿಂದ ಮೆಲ್ಲಗೆ ಒರೆಸಿ, ಸೀಮೆಸುಣ್ಣ ಅಡ್ಡಲಾಗಿ ಉಜ್ಜಿದರೆ ಅಕ್ಷರ ಎದ್ದು ಕಾಣುತ್ತದೆ. ಉಳಿ, ಸುತ್ತಿಗೆ ಬೇಡ. ಆಮೇಲೆ ತೂಕ ನೋಡಿ. ಆರಂಭದ ಮೀಟರ್‌ಗೇಜ್ ಹಳಿಗಳು ಗಜಕ್ಕೆ 40 ಪೌಂಡ್ ಆಸುಪಾಸಿನ ಸಪೂರ ಹಳಿಗಳು, 60–75 ಪೌಂಡಿನವು ಆಮೇಲಿನ ಬದಲಾವಣೆಯವು. 1880ರ ದಶಕದ ಇಸವಿ, ಸಪೂರ ಮೈ ಎರಡೂ ಕೂಡಿ ಬಂದರೂ ಅದು ಬೇರೆ ನಿಲ್ದಾಣದಿಂದ ಬೇಲಿಗೆಂದು ತಂದದ್ದಿರಬಹುದು. ಒಂದೇ ಇಸವಿಯ ತುಂಡುಗಳು ಊರಿನ ನಾಲ್ಕಾರು ಕಡೆ ಸಿಕ್ಕರೆ ವಾದಕ್ಕೆ ಬಲ ಬರುತ್ತದೆ.

ಹುಡುಕಾಟವನ್ನು ಊರೊಳಗೆ, ರಸ್ತೆಬದಿಗೆ ಇಟ್ಟುಕೊಳ್ಳಿ. ಹಳಿಯ ಮೇಲೆ, ಸುರಂಗದೊಳಗೆ ನಡೆಯುವುದು ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅಪರಾಧ, ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ ಇದೆ. ತಿರುವಿನ ಸುರಂಗದಲ್ಲಿ ಇಳಿಯುವ ಗಾಡಿಯ ಸದ್ದು ಕೇಳುವಷ್ಟರಲ್ಲಿ ಪಕ್ಕಕ್ಕೆ ಸರಿಯಲು ಜಾಗವೂ ಇರುವುದಿಲ್ಲ, ಸಮಯವೂ ಇರುವುದಿಲ್ಲ.